ಟ್ಯೂಬಿನ ಹಿಂದ ಓದ್ರಿ – ಭಾಗ 3: ಬಂಗು

ನಮ್ಮ ಬ್ಯಾಡಗಿ ಮೆಣಸಿನಕಾಯಿ ಕೆಂಪು ಲಿಪ್‌ಸ್ಟಿಕ್‌ಗೂ ಹೋಗ್ತೈತಿ. ಅದರ ತುಂಬು ಬಿಡಿಸೋ ಅವ್ವಂದಿರ ಗಲ್ಲದ ಮ್ಯಾಲ ಮಾತ್ರ ಕಂದು ಕಲೆ. ನಾವು ಬಂಗು ಅಂತೀವಿ, ಡಾಕ್ಟರು ಮೆಲಾಸ್ಮಾ ಅಂತಾರ. ಹಾರ್ಮೋನು, ಬಸಿರು, ಮನೆತನ ಇದಕ್ಕೆ ಕಾರಣ. ಬಿಸಿಲು ಬಿದ್ದರೆ ಇನ್ನೂ ಗಾಢವಾಗುತ್ತದೆ.

ಒಂದು ಮಾತು ಮೊದಲೇ ಹೇಳ್ತೀನಿ: ಕಲೆ ತಿಳಿ ಆಗೋದು ಬ್ಯಾರೆ, ಬೆಳ್ಳಗಾಗೋದು ಬ್ಯಾರೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದುಹಾಕಿತು. ನಮ್ಮ ಮನ್ಯಾಗ ಮಾತ್ರ ಇನ್ನೂ ಅದೇ ಪ್ರಶ್ನೆ: “ಹುಡುಗಿ ಬಣ್ಣ ಹೆಂಗೈತಿ?”

ಕಲೆಗೆ ಏನು ಕೆಲಸ ಮಾಡ್ತೈತಿ?

▪️ ನಿಯಾಸಿನಮೈಡ್ (ವಿಟಮಿನ್ ಬಿ3): ಮೆಲನಿನ್ ಚರ್ಮದ ಮೇಲಿನ ಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ. 4–5% ಸಾಕು.
▪️ ವಿಟಮಿನ್ ಸಿ: ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವಕ್ಕೆ ಅಡ್ಡಿ. ಸೀರಮ್ ಕಂದು ಬಣ್ಣಕ್ಕೆ ತಿರುಗಿದ್ರ ಅದರ ಶಕ್ತಿ ಹೋತು.
▪️ ಅಜೆಲಾಯಿಕ್ ಆಮ್ಲ: ಗೋಧಿ, ಬಾರ್ಲಿಯಲ್ಲೂ ಇರುವಂಥದ್ದು. ಮೊಡವೆ ಬಿಟ್ಟುಹೋದ ಕಲೆಗೂ ಒಳ್ಳೇದು.
▪️ ಸನ್‌ಸ್ಕ್ರೀನ್: ಎಸ್‌ಪಿಎಫ್ 30ರ ಮೇಲೆ. ಇದಿಲ್ಲದೆ ಮೇಲಿನ ಮೂರೂ ದಂಡ.

ಫಲ ಕಾಣಲು 8–12 ವಾರ ಬೇಕು. ನಿಂಬಿಹಣ್ಣು ತಿಕ್ಕೊಂಡು ಬಿಸಿಲಿಗೆ ಹೋಗಬ್ಯಾಡ್ರಿ, ಸುಟ್ಟು ಇನ್ನಷ್ಟು ಕಪ್ಪಾಗ್ತೈತಿ.

ವಾರದಾಗ ಬೆಳ್ಳಗ ಮಾಡೋ ಕ್ರೀಮ್ ಕಂಡ್ರ ಮಾತ್ರ ಅಂಜ್ರಿ. ವರ ನೋಡಾಕ ಬರೋ ಮುಂದ ನಮ್ಮ ದೊಡ್ಡವ್ವನ ಮಗಳಿಗೆ ಯಾರೋ ಒಂದು ಟ್ಯೂಬ್ ತಂದುಕೊಟ್ಟರು. ಹದಿನೈದು ದಿನದಾಗ ಮುಖ ಮಿಂಚಿತು, ಎಲ್ಲಾರೂ ಹೊಗಳಿದರು. ಬಿಟ್ಟ ಕೂಡಲೇ ಕೆಂಪು, ಉರಿ, ಮೊಡವೆ. ಮತ್ತ ಹಚ್ಚಿದ್ರ ತಣ್ಣಗ. ಹಿಂಗ ಎರಡು ವರ್ಷ. ಈಗ ಅಕ್ಕ ಒಲಿ ಮುಂದ ಕುಂತ್ರ ಸಾಕು, ಮುಖ ಉರೀತೈತಿ ಅಂತಾಳ.

ಆ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಮೂರು ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೆರಾಯ್ಡ್. ಬಂಗಿಗೆ ವೈದ್ಯರು ಕೆಲವೇ ವಾರ ಎಂದು ಲೆಕ್ಕಹಾಕಿ ಕೊಡುವ ಔಷಧ ಅದು, ದಿನಾ ಪೌಡರಿನಂಗ ಹಚ್ಚೋದಲ್ಲ. ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿತು.

ಹೆಸರು ‘-ಸೋನ್’ ಅಥವಾ ‘-ಸಾಲ್’ ಅಂತ ಮುಗಿದ್ರ ನಿಲ್ರಿ: ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸಾಲ್. ಈಗಾಗ್ಲೇ ತಿಂಗಳುಗಟ್ಟಲೆ ಹಚ್ಚಾಕತ್ತಿದ್ರ ಒಮ್ಮೆಲೇ ಬಿಡದ ಚರ್ಮದ ಡಾಕ್ಟರಿಗೆ ತೋರಿಸ್ರಿ.

ಇವತ್ತ ಸಂಜಿಗೆ ಅವ್ವನ, ಅಕ್ಕನ ಟ್ಯೂಬ್ ತಿರುಗಿಸಿ ನೋಡ್ರಿ. ಹೆಸರು ತಿಳೀಲಿಲ್ಲಂದ್ರ ಬರದು ಕಳಸ್ರಿ, ಕೂಡಿ ಓದೋಣು.

ಮುಂದಿನ ಭಾಗ: ಮೆಣಸಿನಕಾಯಿ ಕೆಲಸಕ್ಕ ಹೋಗೋರಿಗೆ ಯಾವ ಸನ್‌ಸ್ಕ್ರೀನ್?

#ಬಂಗು #ಬ್ಯಾಡಗಿ #ಟ್ಯೂಬಿನಹಿಂದಓದ್ರಿ