ನೆನೆದವರ ಪದ

‘ಮಾಯಿಲ್’ ಎಂಬ ಇಂಗ್ಲಿಷ್ ಪದ ನನಗೆ ಮೊದಲು ಸಿಕ್ಕಿದ್ದು ರಾಬರ್ಟ್ ಸರ್ವಿಸ್ 1907ರಲ್ಲಿ ಪ್ರಕಟಿಸಿದ ‘ದಿ ಕ್ರಿಮೇಶನ್ ಆಫ್ ಸ್ಯಾಮ್ ಮೆಗೀ’ ಎಂಬ ಪದ್ಯದಲ್ಲಿ. ಕೆನಡಾದ ಯೂಕಾನ್ ಸೀಮೆಯಲ್ಲಿ ಚಿನ್ನಕ್ಕಾಗಿ ಪಾಡುಪಡುವವರ ಬಗ್ಗೆ ಆಡಿದ ಮಾತು ಅದು. ನಿಘಂಟಿನಲ್ಲಿ ‘ಮೈಮುರಿದು ದುಡಿ’ ಎಂದಿತ್ತು. ಅಷ್ಟು ಸಾಕೆಂದು ಮುಚ್ಚಿಟ್ಟೆ.

ಎಷ್ಟೋ ವರ್ಷದ ಮೇಲೆ ಅದರ ಬೇರು ಗೊತ್ತಾಗಿ ಮನಸ್ಸು ಕಲಕಿತು. ಈ ಪದಕ್ಕೆ ಮೊದಲು ದುಡಿಮೆಯ ಅರ್ಥವೇ ಇರಲಿಲ್ಲ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ನೆನೆಸು, ಕೆಸರು ಮೆತ್ತು ಎಂದು. ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ನಿನ ‘ಮೊಲ್ಲಿಸ್’, ಎಂದರೆ ಮೆತ್ತಗಿನದು. ಸಂಸ್ಕೃತದಿಂದ ನಾವು ಪಡೆದ ‘ಮೃದು’ ಈ ಮೊಲ್ಲಿಸ್‌ನ ಒಡಹುಟ್ಟು! ಕೆಸರಲ್ಲಿ ನೆನೆಯುವುದೇ ದುಡಿಯುವುದು ಎಂಬ ಅರ್ಥ ಕೂಡಿದ್ದು 16ನೇ ಶತಮಾನದ ನಡುವಿನಲ್ಲಿ. ಆಮೇಲೆ ದುಡಿಮೆಯನ್ನೇ ಹೇಳುವ ‘ಟಾಯಿಲ್’ ಜೊತೆ ಸೇರಿ ಜೋಡುನುಡಿಯೂ ಆಯಿತು.

1896ರಲ್ಲಿ ಅದೇ ಯೂಕಾನ್ ಸೀಮೆಯ ಕ್ಲಾಂಡೈಕ್ ನದಿಗೆ ಸೇರುವ ತೊರೆಯೊಂದರಲ್ಲಿ ಚಿನ್ನ ಕಂಡಿತು. ಸುದ್ದಿ ಕೇಳಿ ನುಗ್ಗಿದವರು ಚಳಿಗಾಲವೆಲ್ಲ ಹೆಪ್ಪುಗಟ್ಟಿದ ನೆಲದ ಮೇಲೆ ಸೌದೆ ಉರಿಸಿ, ಕರಗಿದಷ್ಟು ಮಣ್ಣನ್ನು ಎತ್ತಿ ಗುಡ್ಡೆ ಹಾಕಿ, ಹಿಮ ಕರಗಿದ ಮೇಲೆ ಅದನ್ನು ನೀರಲ್ಲಿ ತೊಳೆಯುತ್ತಿದ್ದರು. ಗಟ್ಟಿ ನೆಲವನ್ನು ಮೆತ್ತಗೆ ಮಾಡುವುದರಲ್ಲೇ ಅವರ ಅರ್ಧ ಆಯಸ್ಸು. ಸರ್ವಿಸ್ ಬರೀ ಪದ್ಯದ ಸಾಲಿನ ಮಕಾರಗಳ ಮೇಳಕ್ಕೆಂದು ಈ ಪದ ಆರಿಸಿದ್ದರೂ ಇರಬಹುದು. ಆ ಜಾಗಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣದು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಗಾದೆಯಲ್ಲಿರುವುದು ಕೈ, ನನ್ನ ಕಣ್ಣಿಗೆ ಬರುವುದು ಕಾಲು. ನಾಟಿಯ ದಿನಗಳಲ್ಲಿ ಅಮ್ಮ ಬೆಳಗಿನಿಂದ ಗದ್ದೆಯ ನೀರಲ್ಲೇ ಬಗ್ಗಿರುತ್ತಿದ್ದಳು. ಮಣ್ಣು ಹದವಾದಂತೆ ಅವಳ ಪಾದವೂ ಮೆತ್ತಗಾಗಿ, ಬೆರಳ ಸಂದಿ ಬೆಳ್ಳಗೆ ಬಿರಿಯುತ್ತಿತ್ತು. ರಾತ್ರಿ ಒಲೆಯ ಮುಂದೆ ಕೂತು, ಅರಿಶಿನ ಕಲಸಿದ ಬಿಸಿ ಎಣ್ಣೆಯನ್ನು ಒಂದೊಂದೇ ಸಂದಿಗೆ ಹಚ್ಚಿಕೊಳ್ಳುವಳು.

“ನಾಳೆ ಒಂದಿನ ಹೋಗ್ಬೇಡಮ್ಮ” ಅಂದೆ.

“ಸಸಿ ಬಲಿತು ಹೋಗ್ತದೆ ಮಗಾ” ಎಂದು ಕಾಲಿಗೆ ಹಳೇ ಸೀರೆಯ ಚೂರು ಸುತ್ತಿ ಮಲಗಿದಳು.