ಕೈಯ ಭಾರ

ಹೆದ್ದಾರಿ ಪಕ್ಕದ ಊರುಗಳಲ್ಲಿ ಬೆಳೆದವರು ಅಕ್ಷರವನ್ನು ಶಾಲೆಗಿಂತ ಮೊದಲು ಲಾರಿಯ ಮೇಲೆ ನೋಡಿರುತ್ತಾರೆ. ಹಿರಿಯೂರಿನಲ್ಲೂ ಚಿತ್ರದುರ್ಗದಲ್ಲೂ ಪೇಂಟರ್‌ಗಳ ಕೆಲಸವೆಂದರೆ ಲಾರಿಯ ಹಣೆಬರಹ, ನಂಬರ್ ಪ್ಲೇಟು, ಅಂಗಡಿ ಬೋರ್ಡು, ಚುನಾವಣೆ ಬಂದರೆ ಗೋಡೆ. ನಮ್ಮ ಬೀದಿಯ ಪೇಂಟರ್ ಚಾಚಾ ಬೆಳಿಗ್ಗೆ ಮದರಸಾದ ಬೋರ್ಡನ್ನು ಉರ್ದುವಿನಲ್ಲಿ ಬರೆದು, ಮಧ್ಯಾಹ್ನ ಜಾತ್ರೆಯ ಬ್ಯಾನರನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಅದರಲ್ಲೇನೋ ವಿಶೇಷವಿದೆ ಎಂದು ಅವರಿಗೆ ಅನಿಸಿರಲಿಲ್ಲ. ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಅದನ್ನು ಬರೆದ ಚಪಡ ಎಂಬವನು ಕೊನೆಯಲ್ಲಿ ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ.

ಫ್ಲೆಕ್ಸ್ ಬಂದ ಮೇಲೆ ಚಾಚಾನ ಕೆಲಸ ಇಳಿಯಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದಾಗ ಬಟ್ಟೆ ಬ್ಯಾನರಿನ ಕಾಲ ಮತ್ತೆ ಬಂತೆಂದು ಎರಡು ಹೊಸ ಬ್ರಷ್ ತಂದಿಟ್ಟುಕೊಂಡರು. ಫ್ಲೆಕ್ಸ್ ಹೋಗಲಿಲ್ಲ. ಬ್ರಷ್ ಹಾಗೇ ಉಳಿದವು.

ನಾನು ಡಿಟಿಪಿ ಕೆಲಸದವನು. ನಿಕಾಹ್ ಕಾರ್ಡು, ಹ್ಯಾಂಡ್‌ಬಿಲ್, ಬಿಲ್ ಪುಸ್ತಕ ಮಾಡಿಕೊಂಡು ಬಂದವನು. ಚಾಚಾನಂಥವರನ್ನು ಹೊರಗಿಟ್ಟಿದ್ದು ಫ್ಲೆಕ್ಸ್ ಯಂತ್ರಕ್ಕಿಂತ ಹೆಚ್ಚಾಗಿ ನಮ್ಮ ಮೌಸು ಎಂಬುದು ನನ್ನ ಅಭಿಪ್ರಾಯ. ಮೌಸಿಗೆ ಗೊತ್ತಿರುವುದು ಎರಡೇ ಸಂಗತಿ: ತಾನು ಎಲ್ಲಿದ್ದೇನೆ, ಗುಂಡಿ ಒತ್ತಿದ್ದಾರೋ ಇಲ್ಲವೋ. ಎಷ್ಟು ಒತ್ತಿದ್ದಾರೆ ಎಂಬುದು ಅದಕ್ಕೆ ತಿಳಿಯದು. ಬ್ರಷ್ಷಿನ ವಿದ್ಯೆಯೆಲ್ಲ ಇರುವುದು ಆ ‘ಎಷ್ಟು’ ಎಂಬುದರಲ್ಲೇ. ಒತ್ತಿದರೆ ಕೂದಲು ಅರಳಿ ಗೆರೆ ದಪ್ಪವಾಗುತ್ತದೆ, ಎತ್ತುತ್ತ ಹೋದರೆ ಮೊನಚಾಗಿ ಮುಗಿಯುತ್ತದೆ. ತಲೆಕಟ್ಟಿನ ಕೊಂಕು, ಒತ್ತಕ್ಷರದ ಬಾಲ, ಎಲ್ಲ ಹೀಗೆಯೇ ಬರುವುದು. ಕೋರೆಲ್‌ಡ್ರಾದಲ್ಲಿ ಒತ್ತಡಕ್ಕೆ ತಕ್ಕಂತೆ ಗೆರೆ ಬದಲಾಗುವ ಒಂದು ಸೌಲಭ್ಯವಿದೆ. ಪೆನ್ ಇಲ್ಲದವರು ಮೌಸಿನಲ್ಲಿ ಗೆರೆ ಎಳೆಯುತ್ತಲೇ ಕೀಬೋರ್ಡಿನ ಮೇಲಿನ ಬಾಣ, ಕೆಳಗಿನ ಬಾಣ ಒತ್ತಿ ದಪ್ಪ ಸಣ್ಣ ಮಾಡಬೇಕು. ಅದನ್ನು ತೋರಿಸಿದಾಗ ಚಾಚಾ ನಕ್ಕರು: “ತುತ್ತು ಒಬ್ಬನ ಬಾಯಿಗೆ, ಅಗಿಯೋದು ಇನ್ನೊಬ್ಬನಾ ಬೇಟಾ?”

ಕೆಲ ವರ್ಷಗಳ ಹಿಂದೆ ಅಂಗಡಿಗೆ ಒಂದು ಪೆನ್ ಟ್ಯಾಬ್ಲೆಟ್ ತಂದೆ. ಸ್ಲೇಟಿನಂಥ ಹಲಗೆ, ಬ್ಯಾಟರಿಯಿಲ್ಲದ ಪೆನ್ನು. ಹಲಗೆಯೊಳಗೆ ತಂತಿಗಳ ಜಾಲವಿದ್ದು ಅದು ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ತುದಿಯನ್ನು ಒತ್ತಿದಷ್ಟೂ ಆ ಉತ್ತರ ಬದಲಾಗುತ್ತದೆ. ಆ ಬದಲಾವಣೆಯೇ ಕೈಯ ಭಾರದ ಲೆಕ್ಕ. ಜಪಾನಿನ ವಾಕಾಮ್ ಕಂಪೆನಿ 1980ರ ದಶಕದಿಂದಲೂ ಇದನ್ನು ಬೆಳೆಸಿಕೊಂಡು ಬಂದಿದೆ. ಮೊದಲು 1,024 ಮಟ್ಟ ಎಂದರು, ಆಮೇಲೆ 2,048, ಈಗ 8,192. ಈ ಅಂಕಿಗಳು ಡಬ್ಬದ ಮೇಲೆ ಚೆನ್ನಾಗಿ ಕಾಣುತ್ತವೆ. ಚಾಚಾ ಕೇಳಿದ್ದು ಬೇರೆಯೇ: “ಮೆಲ್ಲಗೆ ತಾಗಿಸಿದರೆ ಗೊತ್ತಾಗುತ್ತಾ?” ಅದೇ ಸರಿಯಾದ ಪ್ರಶ್ನೆ. ಬ್ರಷ್ ಹಿಡಿದವನ ಕಷ್ಟವೆಲ್ಲ ಗೆರೆಯ ಮೊದಲ ಕೂದಲೆಳೆಯಲ್ಲಿದೆ. ಅಲ್ಲಿ ಹಲಗೆ ಕಿವುಡಾದರೆ ಎಂಟು ಸಾವಿರ ಮಟ್ಟ ಕಟ್ಟಿಕೊಂಡು ಏನು ಮಾಡುವುದು?

ಹಲಗೆ ಭಾರವನ್ನು ತಿಳಿದರೆ ಸಾಲದು, ಪ್ರೋಗ್ರಾಂ ಅದನ್ನು ಕೇಳಿಸಿಕೊಳ್ಳಬೇಕು. ವಿಂಡೋಸಿನಲ್ಲಿ ಪೆನ್ನಿನ ಸುದ್ದಿ ಬರಲು ಎರಡು ದಾರಿಗಳಿವೆ. 1990ರ ದಶಕದಿಂದ ಇರುವ ವಿನ್‌ಟ್ಯಾಬ್ ಒಂದು, ಆಮೇಲೆ ಬಂದ ವಿಂಡೋಸ್ ಇಂಕ್ ಇನ್ನೊಂದು. ಡ್ರೈವರ್ ಒಂದು ದಾರಿಯಲ್ಲಿ ಕಳಿಸಿ, ಪ್ರೋಗ್ರಾಂ ಇನ್ನೊಂದು ದಾರಿಯಲ್ಲಿ ಕಾಯುತ್ತ ನಿಂತರೆ ಗೆರೆ ಬರುತ್ತದೆ, ಭಾರ ಬರುವುದಿಲ್ಲ. ಗಿಂಪ್‌ನ ಎರಡನೇ ಸರಣಿಯ ಆವೃತ್ತಿಗಳಲ್ಲಿ ಇನ್‌ಪುಟ್ ಸಾಧನಗಳ ಪಟ್ಟಿ ತೆರೆದು ಪೆನ್ನನ್ನು ನಾವೇ ಚಾಲೂ ಮಾಡಬೇಕಿತ್ತು. ಅಲ್ಲಿಯವರೆಗೆ ಎಷ್ಟು ಒತ್ತಿದರೂ ಒಂದೇ ದಪ್ಪ. ಹೊಸಬನೊಬ್ಬ ಇಂಥ ಗೆರೆ ನೋಡಿದರೆ ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಎದ್ದು ಹೋಗುತ್ತಾನೆ. ನಮ್ಮ ಊರುಗಳಲ್ಲಿ ಹಾಗೆ ಎದ್ದುಹೋದವರು ಎಷ್ಟು ಮಂದಿಯೋ. ನಾನು ಕೊನೆಗೆ ಕೃತಾ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ, ಭಾರಕ್ಕೂ ದಪ್ಪಕ್ಕೂ ಇರುವ ಸಂಬಂಧವನ್ನು ಒಂದು ವಕ್ರರೇಖೆ ಎಳೆದು ನಾವೇ ಗೊತ್ತುಮಾಡಬಹುದು. ಚಾಚಾನ ಕೈಗೆ ಒಗ್ಗುವಂತೆ ಅದನ್ನು ತಿದ್ದಲು ಮೂರು ಸಂಜೆ ಹಿಡಿಯಿತು. ನಾಲ್ಕನೆಯ ದಿನ ಪರದೆಯ ಮೇಲೆ ಬಂದ ‘ಕೃ’ ಅವರದೇ ‘ಕೃ’ ಆಗಿತ್ತು. ಹಿರಿಯೂರಿನ ಲಾರಿಗಳ ಮೇಲೆ ನಾನು ಎಷ್ಟೋ ಸಲ ನೋಡಿದ್ದದ್ದು.

ಆಗ ಅವರು ಎತ್ತಿದ ಮಾತು: “ಎಡಗೈಗೆ ಏನು ಕೆಲಸ?”

ಬೋರ್ಡು ಬರೆಯುವವರನ್ನು ಗಮನಿಸಿದವರಿಗೆ ಇದು ಅರ್ಥವಾಗುತ್ತದೆ. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲೊಂದನ್ನು ಹಿಡಿದು, ಅದರ ಮೇಲೆ ಬಲಗೈಯ ಮಣಿಕಟ್ಟು ಊರಿ ಬರೆಯುತ್ತಾರೆ. ಸಣ್ಣ ತಗಡಾದರೆ ಎಡಗೈ ತಗಡನ್ನೇ ತಿರುಗಿಸಿಕೊಡುತ್ತದೆ. ಬರಹ ಎರಡು ಕೈಯ ಕೆಲಸ. ನಮ್ಮ ಗ್ರಾಫಿಕ್ಸ್ ಪ್ರೋಗ್ರಾಂಗಳು ಹುಟ್ಟಿದ್ದೋ ಪರದೆಯ ಮೇಲೆ ಒಂದೇ ಬಾಣ ಓಡಾಡುತ್ತಿದ್ದ ಕಾಲದಲ್ಲಿ. 2009ರಲ್ಲಿ ವಿಂಡೋಸ್ 7, 2012ರಲ್ಲಿ ಲಿನಕ್ಸ್, ಹಲವು ಬೆರಳುಗಳ ಸ್ಪರ್ಶವನ್ನು ಒಟ್ಟಿಗೆ ಗುರುತಿಸಿ ಪ್ರೋಗ್ರಾಂಗಳಿಗೆ ತಲುಪಿಸಲು ತಯಾರಾದವು. ಆದರೂ ಒಳಗಿನ ಲೆಕ್ಕಾಚಾರ ಬದಲಾಗುವುದು ಸುಲಭವಲ್ಲ. ಎರಡು ಗೆರೆ ಒಟ್ಟಿಗೆ ಎಳೆದು ‘ಹಿಂದಕ್ಕೆ’ ಎಂದರೆ ಯಾವುದನ್ನು ಅಳಿಸಬೇಕು? ಹಲಗೆಯ ಮೇಲೆ ಊರಿದ ಅಂಗೈ ಕೆಲಸಕ್ಕೆ ಬಂದದ್ದೋ, ಸುಮ್ಮನೆ ಒರಗಿದ್ದೋ?

ಇನ್ನೊಂದು ತೊಡಕಿದೆ. ಬೆರಳಿಗೆ ಮಾಡಿದ ಗಾಜು ಹತ್ತು ಬೆರಳು ಇಟ್ಟರೆ ಹತ್ತರ ಜಾಗವನ್ನೂ ಹೇಳುತ್ತದೆ, ಒಂದರ ಭಾರವನ್ನೂ ಹೇಳುವುದಿಲ್ಲ. ಅದು ಅಳೆಯುವುದು ಬೆರಳಿನಿಂದ ವಿದ್ಯುದಾವೇಶದಲ್ಲಾಗುವ ವ್ಯತ್ಯಾಸವನ್ನು ಮಾತ್ರ. ಜೋರಾಗಿ ಒತ್ತಿದರೆ ಬೆರಳ ತುದಿ ಚಪ್ಪಟೆಯಾಗಿ ಹೆಚ್ಚು ಜಾಗ ಮುಚ್ಚುತ್ತದೆಯಲ್ಲ, ಅದನ್ನೇ ಭಾರವೆಂದು ಊಹಿಸಿಕೊಳ್ಳುವುದುಂಟು. ಹಾಗಾದರೆ ದಪ್ಪ ಬೆರಳಿನವನು ಎಷ್ಟು ಮೆಲ್ಲಗೆ ಮುಟ್ಟಿದರೂ ಜೋರೇ! ಆಪಲ್ 2015ರಲ್ಲಿ ಭಾರ ಅಳೆಯುವ ಗಾಜನ್ನು ಐಫೋನಿಗೆ ಹಾಕಿತು, 2019ರ ಫೋನುಗಳಲ್ಲಿ ಕೈಬಿಟ್ಟಿತು. ಹಾಗಾಗಿ ಸದ್ಯಕ್ಕೆ ನಡೆಯುವ ಹಂಚಿಕೆ ಇದು: ಭಾರ ಪೆನ್ನಿಗೆ, ಜಾಗ ಬೆರಳಿಗೆ. ನನ್ನ ಹಲಗೆ ಸ್ಪರ್ಶವನ್ನೂ ಗುರುತಿಸುವಂಥದ್ದು. ಕೃತಾದಲ್ಲಿ ಬೆರಳು ಬಣ್ಣ ಹಚ್ಚದಂತೆ ತಡೆದೆ. ಬಲಗೈಯ ಪೆನ್ನು ಬರೆಯುತ್ತದೆ, ನಡುವೆ ಎಡಗೈಯ ಎರಡು ಬೆರಳು ಹಾಳೆಯನ್ನು ತಿರುಗಿಸುತ್ತವೆ. ಚಾಚಾನಿಗೆ ಅರ್ಧ ಸಮಾಧಾನವಾಯಿತು.

ಉರ್ದುವಿಗೆ ಬಂದಾಗ ಆ ಅರ್ಧವೂ ಹೋಯಿತು. ಕಾತಿಬನ ಬಿದಿರಿನ ಕಲಮಿಗೆ ಭಾರದ ಹಂಗು ಕಡಿಮೆ. ಓರೆಯಾಗಿ ಕತ್ತರಿಸಿದ ಅದರ ಮೂತಿ ಯಾವ ಕೋನದಲ್ಲಿ ಸಾಗುತ್ತದೆ ಎಂಬುದರ ಮೇಲೆ ಗೆರೆಯ ದಪ್ಪ. ಅದೇ ಮೂತಿಯಿಂದಿಟ್ಟ ನುಕ್ತಾ ಅಕ್ಷರದ ಅಳತೆಗೋಲು. ಇಲ್ಲಿ ಬೇಕಾಗಿರುವುದು ಪೆನ್ನು ಬೆರಳ ನಡುವೆ ಎಷ್ಟು ಹೊರಳಿತು ಎಂಬ ಸುದ್ದಿ. ಅದನ್ನು ತಿಳಿಸುವ ಪೆನ್ನು ಬೇರೆಯೇ ಇದೆ, ನಮ್ಮ ಅಂಗಡಿಯ ಗಳಿಕೆಗೆ ದುಬಾರಿ. ವಾಲಿಕೆಯನ್ನು ಅಳೆಯುವ ಪೆನ್ನು ಸಿಗುತ್ತದೆ, ಅದರಲ್ಲಿ ಸುಮಾರಾಗಿ ಬರುತ್ತದೆ. ಚಾಚಾ ಮಾತ್ರ ಸುಮಾರನ್ನು ಒಪ್ಪುವವರಲ್ಲ. ಉರ್ದುವನ್ನು ಇಂದಿಗೂ ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿಸುತ್ತಾರೆ.

ಕನ್ನಡದ ಬೋರ್ಡುಗಳು ಒಂದೊಂದಾಗಿ ಬರುತ್ತಿವೆ. ಹೊಸದುರ್ಗದ ಬೇಕರಿಯವರೊಬ್ಬರಿಗೆ ಚಾಚಾ ಬರೆದ ಹೆಸರು ಬಹಳ ಹಿಡಿಸಿತು. ದುಡ್ಡಿನ ಮಾತು ಬಂದಾಗ, “ಕಂಪ್ಯೂಟರಲ್ಲಿ ಮಾಡಿದ್ದಲ್ವಾ ಸಾಹೇಬ್ರೆ, ಟೈಪಿಂಗ್ ರೇಟ್ ಹಾಕ್ಕೊಳ್ಳಿ” ಎಂದರು. ಚಾಚಾ ಉತ್ತರಿಸಲಿಲ್ಲ. ಪೆನ್ನನ್ನು ಅವರ ಕೈಗೆ ಕೊಟ್ಟು, ಹಲಗೆಯನ್ನು ಅವರ ಮುಂದೆ ಸರಿಸಿದರು. ಬೇಕರಿಯವರು ತಮ್ಮ ಅಂಗಡಿಯ ಹೆಸರಿನ ಮೊದಲ ಅಕ್ಷರವನ್ನು ಎರಡು ಸಲ ಬರೆದು ನೋಡಿ, ನಕ್ಕು, ಕೇಳಿದ್ದಕ್ಕೆ ನೂರು ಕಡಿಮೆ ಮಾಡಿ ಎಣಿಸಿ ಕೊಟ್ಟರು. ಬರುವ ವಾರ ಹೊಳಲ್ಕೆರೆಯ ಟೈಲರ್ ಅಂಗಡಿಯೊಂದರ ಬೋರ್ಡಿದೆ.