ಗ್ರೀನಿಚ್ಚಿನ ಗಡಿಯಾರ

ಸೊನ್ನೆಯ ರೇಖಾಂಶವನ್ನು ಭೂಪಟದಲ್ಲಿ ಮಕ್ಕಳಿಗೆ ತೋರಿಸುತ್ತ ನಾವು ಹಲವು ವರ್ಷಗಳನ್ನು ಕಳೆದೆವು. ಆ ರೇಖೆ ಹಾಯುವ ಗ್ರೀನಿಚ್ಚನ್ನು ಕಣ್ಣಾರೆ ಕಾಣುವ ಯೋಗವು, ಮಗನ ಸಂಸಾರವನ್ನು ನೋಡಲು ಲಂಡನ್ನಿಗೆ ಹೋದಾಗ ನಮಗೆ ಒದಗಿತು.

ಥೇಮ್ಸ್ ನದಿಯ ದಡದಲ್ಲಿ ಇಳಿದೊಡನೆ ಎದುರಾಗುವ ಭವ್ಯಸೌಧಗಳು ಅರಮನೆಯಲ್ಲ. ವೃದ್ಧರೂ ಅಂಗಹೀನರೂ ಆದ ನಾವಿಕರ ಆಶ್ರಯಕ್ಕಾಗಿ 1694ರಲ್ಲಿ ಸ್ಥಾಪಿತವಾದ ಧರ್ಮಸಂಸ್ಥೆಯವು. ಹಿಂದಿನ ರಾಣೀಮಂದಿರಕ್ಕೆ ನದಿಯು ಮರೆಯಾಗಬಾರದೆಂದು ಶಿಲ್ಪಿ ಕ್ರಿಸ್ಟೋಫರ್ ರೆನ್ನನು ಕಟ್ಟಡವನ್ನು ಎರಡಾಗಿ ಅಗಲಿಸಿದನು. ಅಲ್ಲಿನ ಭೋಜನಶಾಲೆಯನ್ನು ಜೇಮ್ಸ್ ಥಾರ್ನ್‌ಹಿಲ್ಲನು 19 ವರ್ಷ ಚಿತ್ರಿಸಿದನು. ಅದು ಅತಿ ಸುಂದರವಾದುದರಿಂದ ನಾವಿಕರಿಗೆ ನೆಲಮಾಳಿಗೆಯಲ್ಲೇ ಎಲೆ ಹಾಕಿದರಂತೆ! ಸಮೀಪದ ನೌಕಾ ವಸ್ತುಸಂಗ್ರಹಾಲಯದಲ್ಲಿ, ನೆಲ್ಸನ್ನನು 1805ರಲ್ಲಿ ಮಡಿದಾಗ ತೊಟ್ಟಿದ್ದ ಅಂಗಿಯು ಗುಂಡಿನ ರಂಧ್ರದೊಡನೆ ಇದೆ.

ಆದರೆ ನಮ್ಮ ಮನಸ್ಸು ನೆಟ್ಟದ್ದು ಗುಡ್ಡದ ಮೇಲಿನ ವೇಧಶಾಲೆಯಲ್ಲಿ. ಸಮುದ್ರದಲ್ಲಿ ರೇಖಾಂಶವನ್ನು ಅರಿಯುವ ಉದ್ದೇಶದಿಂದಲೇ 1675ರಲ್ಲಿ ಅದನ್ನು ಸ್ಥಾಪಿಸಿದರು. ಎರಡು ಸ್ಥಳಗಳ ಕಾಲದಲ್ಲಿ ಒಂದು ಗಂಟೆಯ ವ್ಯತ್ಯಾಸವಿದ್ದರೆ ರೇಖಾಂಶದಲ್ಲಿ 15 ಅಂಶಗಳ ಅಂತರವೆಂದು ಅರ್ಥ. ಉಜ್ಜಯಿನಿಯ ರೇಖೆಯನ್ನು ಮೂಲವಾಗಿಟ್ಟುಕೊಂಡ ನಮ್ಮ ಸಿದ್ಧಾಂತಕಾರರು ಚಂದ್ರಗ್ರಹಣದ ವೇಳೆಯಿಂದ ದೇಶಾಂತರವನ್ನು ಗಣಿಸುತ್ತಿದ್ದರು. ನಡುಗಡಲಿನ ನಾವಿಕನು ಗ್ರಹಣಕ್ಕಾಗಿ ಕಾಯುವುದೆಂತು? 1707ರಲ್ಲಿ ನಾಲ್ಕು ಯುದ್ಧನೌಕೆಗಳು ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಸಾವಿರಕ್ಕೂ ಮಿಕ್ಕಿ ಜನ ಸತ್ತರು. 1714ರಲ್ಲಿ ಪಾರ್ಲಿಮೆಂಟು 20,000 ಪೌಂಡುಗಳವರೆಗೆ ಬಹುಮಾನವನ್ನು ಸಾರಿತು.

ಪಂಡಿತರು ಆಕಾಶವನ್ನು ಅಳೆಯುತ್ತಿರಲು, ಜಾನ್ ಹ್ಯಾರಿಸನ್ ಎಂಬ ಹಳ್ಳಿಯ ಬಡಗಿಯು ಅಲೆಗಳ ಕುಲುಕಾಟಕ್ಕೂ ಸೆಕೆಗೂ ಚಳಿಗೂ ತಪ್ಪದ ಗಡಿಯಾರವನ್ನು ಮಾಡಲು ಹೊರಟನು. ಆತನ ನಾಲ್ಕು ಯಂತ್ರಗಳೂ ಅಲ್ಲಿವೆ. ಮೊದಲ ಮೂರು ಭಾರಿ ಯಂತ್ರಗಳು. 1759ರ ನಾಲ್ಕನೆಯದು ಅಂಗೈಯಗಲದ್ದು. ಜಮೈಕಾ ಯಾನದ 81 ದಿನಗಳಲ್ಲಿ ಅದು ತಪ್ಪಿದ್ದು ಸುಮಾರು 5 ಸೆಕೆಂಡು! ಆದರೂ ಪಂಡಿತರಿಂದ ಕೂಡಿದ್ದ ಪರೀಕ್ಷಕಮಂಡಲಿಯು ಪರೀಕ್ಷೆಯ ಮೇಲೆ ಪರೀಕ್ಷೆಯನ್ನು ಹೇರಿತು. ಕೊನೆಗೆ 1773ರಲ್ಲಿ ಪಾರ್ಲಿಮೆಂಟೇ ಹಣ ಕೊಡಿಸಿದಾಗ ಆತನಿಗೆ 80 ವರ್ಷ.

1884ರಲ್ಲಿ ಅನೇಕ ರಾಷ್ಟ್ರಗಳು ಗ್ರೀನಿಚ್ಚಿನ ರೇಖೆಯನ್ನೇ ಮೂಲವೆಂದು ಅಂಗೀಕರಿಸಿದವು. ಆ ರೇಖೆಯ ಆಚೀಚೆ ಕಾಲಿಟ್ಟು ನಿಲ್ಲಲು ಜನರು ಸಾಲುಗಟ್ಟಿದ್ದರು. ನಾವಾದರೋ ಗಡಿಯಾರದ ಮುಂದೆಯೇ ಬಹಳ ಹೊತ್ತು ನಿಂತೆವು. ನಮ್ಮ ತರಗತಿಗಳ ಹಿಂದಿನ ಮಣೆಯಲ್ಲಿ ಕುಳಿತು, ಶಬ್ದರೂಪಗಳನ್ನು ಒಪ್ಪಿಸಲಾರದೆ, ಮುರಿದ ಬೀಗವನ್ನು ಮಾತ್ರ ಸರಿಪಡಿಸಿ ತರುತ್ತಿದ್ದ ಹುಡುಗರು ನೆನಪಾದರು. ಅಂಥವರಿಗೆ ದೊರೆಯುವ ಅಂಕಗಳೆಷ್ಟೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ನಿಮ್ಮ ಮನೆಯ ಮಗುವು ಗಡಿಯಾರವನ್ನು ಬಿಚ್ಚಿ ಹರವಿದರೆ ಕೂಡಲೆ ಗದರಿಸಬೇಡಿ. ಬಿಚ್ಚಿದ್ದನ್ನು ಮರಳಿ ಜೋಡಿಸುವಷ್ಟು ಹೊತ್ತನ್ನಾದರೂ ಅದಕ್ಕೆ ಕೊಡಿರಿ.